ಲಿಲಿಪಾಂಡ್: ನಮ್ಮ ಬ್ಯಾಂಡಿನ ನೋಟೇಶನ್ ಹಾಳೆಗಳೆಲ್ಲ ಈಗ ಇದರಲ್ಲೇ

ಲಿಲಿಪಾಂಡ್ ಸ್ಟಾಫ್ ನೋಟೇಶನ್, ಅಂದರೆ ಐದು ಗೆರೆಯ ಮೇಲೆ ಸ್ವರ ಗುರುತಿಸುವ ಪಾಶ್ಚಾತ್ಯ ಲಿಪಿ, ಬರೆಯುವ ಉಚಿತ ಸಾಫ್ಟ್‌ವೇರ್. 1996ರಲ್ಲಿ ನೆದರ್‌ಲೆಂಡ್ಸಿನ ಹಾನ್-ವೆನ್ ನೀನ್‌ಹೈಸ್ ಮತ್ತು ಯಾನ್ ನ್ಯೂವೆನ್‌ಹೈಜನ್ ಇದನ್ನು ಶುರು ಮಾಡಿದರು. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ನಡೆಯುತ್ತದೆ. ಇದರಲ್ಲಿ ಮೌಸ್ ಹಿಡಿದು ಐದು ಗೆರೆಯ ಮೇಲೆ ಸ್ವರಗಳನ್ನು ಕೂರಿಸುವ ಕೆಲಸ ಇಲ್ಲ. ಎಲ್ಲವನ್ನೂ ಟೈಪ್ ಮಾಡಬೇಕು. ಅದನ್ನು ಓದಿಕೊಂಡು ಲಿಲಿಪಾಂಡ್ ಪಿಡಿಎಫ್ ಹಾಳೆ ಮಾಡಿಕೊಡುತ್ತದೆ.

ನಾನು ಕಂಪ್ಯೂಟರ್ ಓದಿದವನಲ್ಲ. ಮೈಸೂರಿನ ಒಂದು ಆಡಿಟರ್ ಕಚೇರಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಜೆ ಹೊತ್ತು ನಮ್ಮ ಬಡಾವಣೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತೇನೆ. ಗಣೇಶನ ಹಬ್ಬ, ರಾಜ್ಯೋತ್ಸವ, ಮದುವೆ ಇದ್ದಾಗ ಸೇರುತ್ತೇವೆ. ಮೈಸೂರಿಗೆ ಬ್ಯಾಂಡ್ ಹೊಸದೇನಲ್ಲ. ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದವೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಈಗಲೂ ದಸರಾ ಅಂದರೆ ಪೊಲೀಸ್ ಬ್ಯಾಂಡ್ ಇರಲೇಬೇಕು. ನಮಗೆ ಕಲಿಸುವ ಮೇಷ್ಟ್ರು ಅಂಥ ಬ್ಯಾಂಡಿನಿಂದಲೇ ನಿವೃತ್ತರಾದವರು. ಅವರ ಬಳಿ ಕೈಯಲ್ಲಿ ಬರೆದ ಹಳೆಯ ಪುಸ್ತಕಗಳಿವೆ. ಹಾಳೆ ಪುಡಿಯಾಗುತ್ತಿದೆ, ಮಸಿ ಮಾಸುತ್ತಿದೆ. ಅದನ್ನೆಲ್ಲ ಉಳಿಸಬೇಕು ಅಂತಲೇ ನಾನು ಲಿಲಿಪಾಂಡ್ ಹಿಡಿದದ್ದು.

ಬರೆಯುವ ರೀತಿ ಹೀಗಿದೆ. ಸ್ವರಕ್ಕೆ ಇಂಗ್ಲಿಷ್ ಅಕ್ಷರ. ಪಕ್ಕದಲ್ಲಿ ಅಂಕಿ ಹಾಕಿದರೆ ಅದು ಅವಧಿ: 4 ಅಂದರೆ ಕ್ವಾರ್ಟರ್ ನೋಟ್ (ಪೂರ್ಣ ಸ್ವರದ ಕಾಲು ಭಾಗ), 8 ಅಂದರೆ ಅದರರ್ಧ, 2 ಅಂದರೆ ಅದರ ಎರಡರಷ್ಟು. ಒಮ್ಮೆ 8 ಎಂದು ಹಾಕಿದರೆ, ಬೇರೆ ಅಂಕಿ ಬರುವ ತನಕ ಮುಂದಿನ ಸ್ವರಗಳೆಲ್ಲ ಅದೇ ಅವಧಿಯವು. ಶಾರ್ಪ್ (ಸ್ವರ ಅರ್ಧ ಮೆಟ್ಟಿಲು ಮೇಲೆ), ಫ್ಲಾಟ್ (ಅರ್ಧ ಮೆಟ್ಟಿಲು ಕೆಳಗೆ) ಹೆಸರುಗಳು ಮಾತ್ರ ಡಚ್ ಭಾಷೆಯವು. ಎಫ್ ಶಾರ್ಪ್‌ಗೆ ಫಿಸ್, ಬಿ ಫ್ಲಾಟ್‌ಗೆ ಬೆಸ್. ಬೇಡ ಅನಿಸಿದರೆ ಇಂಗ್ಲಿಷ್ ಹೆಸರಿಗೆ ಬದಲಾಯಿಸಲು ಒಂದೇ ಸಾಲು ಸಾಕು. ನಾನು ಡಚ್ ಹೆಸರುಗಳಿಗೇ ಒಗ್ಗಿಕೊಂಡೆ.

ಪ್ರತಿ ಬಾರ್ (ತಾಳದ ಲೆಕ್ಕದ ಒಂದು ಭಾಗ) ಮುಗಿದ ಕಡೆ ಒಂದು ನೆಟ್ಟಗಿನ ಗೆರೆ ಟೈಪ್ ಮಾಡುವ ರೂಢಿ ಇಟ್ಟುಕೊಳ್ಳಿ. ಅದು ಕಡ್ಡಾಯವಲ್ಲ. ಆದರೆ ಅಲ್ಲಿಗೆ ಮಾತ್ರೆಗಳ ಲೆಕ್ಕ ಕೂಡಿಬರದಿದ್ದರೆ ಸಾಲಿನ ಸಂಖ್ಯೆ ಸಮೇತ ಎಚ್ಚರಿಕೆ ಬರುತ್ತದೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲೋ ಎಂಟ್ರಿ ಬಿಟ್ಟುಹೋಗಿದೆ ಅಂತ ಗೊತ್ತಾಗುತ್ತಲ್ಲ, ಹಾಗೆ. ಮಾಸಿದ ಹಾಳೆ ನೋಡಿ ನಕಲು ಮಾಡುವಾಗ ಇದರಷ್ಟು ನೆರವಾಗುವುದು ಬೇರೆ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿಗೆ ಬರುತ್ತೇನೆ. ಬ್ಯಾಂಡಿನಲ್ಲಿ ಎಲ್ಲರೂ ಒಂದೇ ಹಾಳೆ ನೋಡಿ ನುಡಿಸಲು ಆಗುವುದಿಲ್ಲ. ಕ್ಲಾರಿನೆಟ್, ಟ್ರಂಪೆಟ್ ಬಿ ಫ್ಲಾಟ್ ವಾದ್ಯಗಳು, ಅಂದರೆ ಹಾಳೆಯಲ್ಲಿ ಸಿ ನೋಡಿ ನುಡಿಸಿದರೆ ಕೇಳುವುದು ಬಿ ಫ್ಲಾಟ್. ಆಲ್ಟೊ ಸ್ಯಾಕ್ಸೊಫೋನ್ ಇ ಫ್ಲಾಟ್. ಹಾಗಾಗಿ ಒಂದೇ ಹಾಡನ್ನು ಒಬ್ಬೊಬ್ಬರಿಗೆ ಒಂದೊಂದು ಶ್ರುತಿಯಲ್ಲಿ ಬರೆದುಕೊಡಬೇಕು. ಹಿಂದೆ ಇದನ್ನು ಮೇಷ್ಟ್ರು ಕೂತು ಕೈಯಲ್ಲೇ ಬರೆಯುತ್ತಿದ್ದರು. ಲಿಲಿಪಾಂಡ್‌ನಲ್ಲಿ ಹಾಡನ್ನು ಒಂದೇ ಸಲ ಟೈಪ್ ಮಾಡಿ ಅದಕ್ಕೊಂದು ಹೆಸರು ಕೊಡುತ್ತೇನೆ. ಆಮೇಲೆ ಪ್ರತಿ ವಾದ್ಯದ ಹಾಳೆಯಲ್ಲೂ ಆ ಹೆಸರು ಕರೆದು ‘ಟ್ರಾನ್ಸ್‌ಪೋಸ್’ ಎಂಬ ಆಜ್ಞೆ ಹಾಕಿದರೆ ಮುಗಿಯಿತು. ನಾಳೆ ಮೇಷ್ಟ್ರು ಒಂದು ಸ್ವರ ತಿದ್ದಿದರೆ ನಾನು ಒಂದೇ ಕಡೆ ತಿದ್ದುತ್ತೇನೆ. ಎಲ್ಲ ಹಾಳೆಗಳೂ ಸರಿಯಾಗಿ ಬರುತ್ತವೆ.

ನಮ್ಮ ರಾಗಗಳನ್ನೂ ಇದು ಮರ್ಯಾದೆಯಿಂದ ನಡೆಸಿಕೊಳ್ಳುತ್ತದೆ. ಸರಳೆ ವರಸೆ ಕಲಿಯುವ ಮಾಯಾಮಾಳವಗೌಳವನ್ನೇ ನೋಡಿ. ಸಿ ಯಿಂದ ಹಿಡಿದರೆ ರಿಷಭ, ಧೈವತ ಎರಡೇ ಫ್ಲಾಟ್, ಉಳಿದವೆಲ್ಲ ನ್ಯಾಚುರಲ್, ಅಂದರೆ ಶಾರ್ಪೂ ಇಲ್ಲ, ಫ್ಲಾಟೂ ಇಲ್ಲ. ಪಾಶ್ಚಾತ್ಯರ ಎರಡು ಮುಖ್ಯ ಸ್ವರಶ್ರೇಣಿಗಳಾದ ಮೇಜರ್‌ಗೂ ಸೇರದು, ಮೈನರ್‌ಗೂ ಸೇರದು. ಲಿಲಿಪಾಂಡ್‌ನಲ್ಲಿ ಏಳು ಸ್ವರಸ್ಥಾನಗಳನ್ನು ಒಮ್ಮೆ ಪಟ್ಟಿ ಮಾಡಿ ಅದಕ್ಕೆ ರಾಗದ ಹೆಸರನ್ನೇ ಇಡಬಹುದು. ಮುಂದೆ ಅದು ಮೇಜರ್, ಮೈನರ್ ಥರವೇ ಒಂದು ಕೀ, ಅಂದರೆ ಹಾಡಿನ ಸ್ವರಗಳ ಗುರುತು. ಕ್ಲಾರಿನೆಟ್ಟಿಗೆ ಡಿ ಯಿಂದ ಮಾಡಿದಾಗ ಎರಡು ಶಾರ್ಪ್, ಎರಡು ಫ್ಲಾಟ್ ಒಟ್ಟಿಗೆ ತಾನಾಗಿಯೇ ಸಾಲಿನ ಶುರುವಿನಲ್ಲಿ ಅಚ್ಚಾಗುತ್ತವೆ. ಅದನ್ನು ಮೊದಲು ನೋಡಿದಾಗ ಮೇಷ್ಟ್ರು, ‘ಏನಪ್ಪಾ, ರಾಗ ನೋಡಿದ ತಕ್ಷಣ ಗೊತ್ತಾಗುತ್ತಲ್ಲ!’ ಅಂದರು. ಮಿಶ್ರಚಾಪು ತಾಳವನ್ನು 7/8 ಎಂದು ಕೊಟ್ಟು 3, 2, 2 ಎಂದು ಒಡೆದು ಹೇಳಿದರೆ, ಸ್ವರಗಳ ಗುಂಪು ಹಾಗೆಯೇ ಕೂಡುತ್ತದೆ. ಗಮಕ ಮಾತ್ರ ಇದರಲ್ಲಿ ಬರುವುದಿಲ್ಲ. ಅದನ್ನು ಕಿವಿಯಿಂದಲೇ ಕಲಿಯಬೇಕು.

ಹಾಡಿನ ಸಾಹಿತ್ಯ ಕನ್ನಡದಲ್ಲೇ ಹಾಕಬಹುದು. ಅಕ್ಷರ ಅಕ್ಷರದ ನಡುವೆ ಎರಡು ಅಡ್ಡಗೆರೆ ಕೊಟ್ಟರೆ ಸ್ವರದ ಕೆಳಗೆ ಸರಿಯಾಗಿ ಬಂದು ಕೂರುತ್ತದೆ. ಯೂನಿಕೋಡ್ ಕನ್ನಡ ಫಾಂಟಿನ ಹೆಸರು ಕೊಟ್ಟರೆ ಒತ್ತಕ್ಷರಗಳೂ ಒಡೆಯುವುದಿಲ್ಲ. ಆದರೆ ಡಿಟಿಪಿ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಏನೇನೋ ಚಿಹ್ನೆಗಳು ಬರುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಲಿಲಿಪಾಂಡ್ ಒಂದನ್ನೇ ಹಾಕಿಕೊಂಡರೆ ಹೊಸಬರಿಗೆ ಕಷ್ಟ, ತೆರೆದು ನೋಡಲು ಕಿಟಕಿಯೇ ಇರುವುದಿಲ್ಲ. ಜೊತೆಗೆ ಫ್ರೆಸ್ಕೊಬಾಲ್ಡಿ ಹಾಕಿಕೊಳ್ಳಿ. ಅದೂ ಉಚಿತ. ಒಂದು ಕಡೆ ಟೈಪ್ ಮಾಡಿದ್ದು, ಪಕ್ಕದಲ್ಲೇ ಅಚ್ಚಾದ ಹಾಳೆ. ಹಾಳೆಯಲ್ಲಿ ಒಂದು ಸ್ವರದ ಮೇಲೆ ಕ್ಲಿಕ್ ಮಾಡಿದರೆ ಅದನ್ನು ಟೈಪ್ ಮಾಡಿದ ಜಾಗಕ್ಕೇ ಹೋಗುತ್ತದೆ. ಕಂಪ್ಯೂಟರ್ ನುಡಿಸುವ ಮಿಡಿ ಫೈಲ್ ಮಾಡಿ ಕೇಳಲೂಬಹುದು. ಅದರ ನಾದ ಅಷ್ಟಕ್ಕಷ್ಟೇ, ತಪ್ಪು ಹುಡುಕಲು ಸಾಕು. ಬೀದಿಯಲ್ಲಿ ನಿಂತು ನುಡಿಸುವಾಗ ಸಣ್ಣ ಸ್ವರಗಳು ಕಾಣುವುದಿಲ್ಲ. ಸ್ಟಾಫಿನ (ಐದು ಗೆರೆಗಳ) ಅಳತೆ ತಾನಾಗಿ 20 ಪಾಯಿಂಟ್ ಇರುತ್ತದೆ, ನಾನು ಹಿರಿಯರಿಗೆ 24 ಮಾಡಿ ಕೊಡುತ್ತೇನೆ.

ತೊಂದರೆಗಳೂ ಇವೆ. ಒಂದು ಬ್ರಾಕೆಟ್ ಮುಚ್ಚದೆ ಬಿಟ್ಟರೆ, ತಪ್ಪು ಇರುವ ಜಾಗ ಬಿಟ್ಟು ಎಷ್ಟೋ ಸಾಲು ಕೆಳಗಿನ ಜಾಗ ತೋರಿಸುತ್ತದೆ. ಹುಡುಕುವುದಕ್ಕೆ ತಾಳ್ಮೆ ಬೇಕು. ಕೈಪಿಡಿ ತುಂಬ ಚೆನ್ನಾಗಿದೆ, ಪ್ರತಿ ವಿಷಯಕ್ಕೂ ಉದಾಹರಣೆ ಇದೆ. ಆದರೆ ಕನ್ನಡದಲ್ಲಿ ಇಲ್ಲ. ನಮ್ಮ ಬ್ಯಾಂಡಿನ ಹುಡುಗರಲ್ಲಿ ಕೈ ಚುರುಕಿರುವವರಿದ್ದಾರೆ, ಇಂಗ್ಲಿಷ್ ಕೈಪಿಡಿ ನೋಡಿ ಹಿಂದೆ ಸರಿದುಬಿಡುತ್ತಾರೆ. ಇದು ನನಗೆ ನಿಜವಾಗಿ ಬೇಜಾರು. ಬೇಕಾದಷ್ಟು ಆಜ್ಞೆಗಳನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿ ಅವರಿಗೆ ಹಂಚುತ್ತಿದ್ದೇನೆ.

ಹೊಸ ಆವೃತ್ತಿ ಬಂದಾಗ ಕೆಲವು ಆಜ್ಞೆಗಳು ಬದಲಾಗುತ್ತವೆ. 2013ರ ಕೊನೆಯಲ್ಲಿ ಬಂದ 2.18ಕ್ಕೆ ಬರೆದ ಫೈಲ್‌ಗಳನ್ನು 2022ರ ಡಿಸೆಂಬರಿನ 2.24ಕ್ಕೆ ತರಲು ಜೊತೆಯಲ್ಲೇ ‘ಕನ್ವರ್ಟ್’ ಸಾಧನ ಬರುತ್ತದೆ. ಅದು ಕೆಲಸ ಮಾಡಬೇಕಾದರೆ ಫೈಲಿನಲ್ಲಿ ಆವೃತ್ತಿಯ ಸಂಖ್ಯೆ ಇರಬೇಕು. ಮರೆಯದೆ ಹಾಕಿ. ಫೈಲ್ ಬರೀ ಅಕ್ಷರಗಳಾದ್ದರಿಂದ, ಸಾಫ್ಟ್‌ವೇರ್ ಇಲ್ಲದ ಕಂಪ್ಯೂಟರಿನಲ್ಲೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಮೇಷ್ಟ್ರ ಪುಸ್ತಕಗಳಿಗೆ ಇದನ್ನೇ ಆರಿಸಿದ್ದಕ್ಕೆ ನನಗಿರುವ ದೊಡ್ಡ ಕಾರಣ ಅದೇ.

ವರ್ಷಕ್ಕೆ ಒಂದೋ ಎರಡೋ ಹಾಡು ಬರೆಯುವವರಾದರೆ ಮೌಸಿನಿಂದಲೇ ಸ್ವರ ಕೂರಿಸುವ ಮ್ಯೂಸ್‌ಸ್ಕೋರ್ ಸಾಫ್ಟ್‌ವೇರ್ ಸುಲಭ, ಅದೂ ಉಚಿತ. ಅದರಿಂದ ಮ್ಯೂಸಿಕ್ ಎಕ್ಸ್‌ಎಂಎಲ್ (ಬೇರೆ ಬೇರೆ ನೋಟೇಶನ್ ಸಾಫ್ಟ್‌ವೇರ್‌ಗಳ ನಡುವೆ ಹಾಡು ಸಾಗಿಸುವ ಫೈಲ್) ಆಗಿ ಹೊರತೆಗೆದ ಹಾಡನ್ನು ಲಿಲಿಪಾಂಡ್‌ಗೆ ತರಬಹುದು. ಲಿಲಿಪಾಂಡ್‌ನಿಂದ ಅತ್ತ ಕಳಿಸುವ ದಾರಿ ಮಾತ್ರ ಇನ್ನೂ ಸರಿಯಾಗಿಲ್ಲ. ಬೇರೆ ಬ್ಯಾಂಡಿನವರು ತಿದ್ದಿಕೊಳ್ಳಲು ಫೈಲ್ ಕೇಳಿದರೆ ನಾನು ಪಿಡಿಎಫ್ ಅಷ್ಟೇ ಕೊಡಬಲ್ಲೆ.