ಆರು ಭಾನುವಾರದ ನೀತಿಪಾಠ: ಮೂರು ಸ್ಟಾರ್, ರಸೀದಿ ಬಾಕಿ

ಕೆಎಎಸ್ ಮುಖ್ಯ ಪರೀಕ್ಷೆಯ ನೀತಿಶಾಸ್ತ್ರದ ಪತ್ರಿಕೆಗೆ ಶಿವಮೊಗ್ಗದಲ್ಲಿ ಭಾನುವಾರದ ಕ್ಲಾಸ್ ಹುಡುಕುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು. ಕೋಚಿಂಗ್ ಸೆಂಟರ್ ಹೆಸರು ಬರೆಯುವುದಿಲ್ಲ. ಇನ್ನೂ ಅವರ ಜೊತೆ ಒಂದು ಲೆಕ್ಕ ಬಾಕಿ ಇದೆ. ಪೇಟೆ ನಡುವೆ, ಅಂಗಡಿಯೊಂದರ ಮಹಡಿ ಮೇಲೆ, ಅಷ್ಟೇ.

ನಾನು ರಿಪ್ಪನ್‌ಪೇಟೆ ಕಡೆಯವಳು. ಅಲ್ಲೊಂದು ಕೃಷಿ ಪತ್ತಿನ ಸೊಸೈಟಿಯಲ್ಲಿ ಒಂಬತ್ತು ವರ್ಷದಿಂದ ಗುಮಾಸ್ತೆ. ಗೊಬ್ಬರ, ಮೈಲುತುತ್ತ, ಕೆಸಿಸಿ (ಕಿಸಾನ್ ಕ್ರೆಡಿಟ್ ಕಾರ್ಡ್) ಸಾಲ, ಲೆಡ್ಜರ್, ಇದೇ ನನ್ನ ಲೋಕ. ಭಾನುವಾರ ಬೆಳಿಗ್ಗೆ ಏಳರ ಬಸ್ ಹಿಡಿದು ಆಯನೂರು ಮೇಲೆ ಶಿವಮೊಗ್ಗಕ್ಕೆ ಬರುತ್ತಿದ್ದೆ. ಜುಲೈ ತಿಂಗಳು, ಮಳೆ ಬಿಟ್ಟ ದಿನವೇ ಇಲ್ಲ. ಕ್ಲಾಸ್ ಹತ್ತಕ್ಕೆ ಶುರು, ಒಂದೂವರೆಗೆ ಮುಗಿತಾಯ. ಆರು ಭಾನುವಾರಕ್ಕೆ 4,500 ರೂಪಾಯಿ. ಆರು ಉತ್ತರ ಪತ್ರಿಕೆ ತಿದ್ದಿ ಕೊಡುತ್ತೇವೆ ಅಂತ ಪಾಂಪ್ಲೆಟ್‌ನಲ್ಲಿತ್ತು. ಕುರ್ಚಿ ಪರವಾಗಿಲ್ಲ. ಒದ್ದೆ ಕೊಡೆ ಇಡಲಿಕ್ಕೆ ಮಾತ್ರ ಜಾಗ ಇಲ್ಲ, ಎಲ್ಲರ ಕೊಡೆಯ ನೀರೂ ಕೊನೇ ಬೆಂಚಿನ ಕೆಳಗೇ ಬಂದು ನಿಲ್ಲುತ್ತದೆ. ಬೇಗ ಹೋಗಿ ಮುಂದೆ ಕೂತುಕೊಳ್ಳಿ.

ಮೊದಲ ಮೂರು ಭಾನುವಾರ ದುಡ್ಡು ದಂಡ ಅನ್ನಿಸಿತು. ಝೆರಾಕ್ಸ್ ಮಾಡಿದ ನೋಟ್ಸ್ ಕೊಟ್ಟರು. ಅದರ ತುಂಬ ದೊಡ್ಡವರ ಮಾತುಗಳು, ಸದ್ಗುಣಗಳ ಪಟ್ಟಿಗಳು. ನಾಯಕನಿಗೆ ‘ಸಮಗ್ರತೆ’ ಇರಬೇಕು ಅಂತ ಪುಟಕ್ಕೆ ನಾಲ್ಕು ಸಲ. ‘ಇಂಟೆಗ್ರಿಟಿ’ ಅನ್ನುವ ಇಂಗ್ಲಿಷ್ ಪದಕ್ಕೆ ನಿಘಂಟು ನೋಡಿ ಹಾಕಿದ್ದು, ಗೊತ್ತಾಗುತ್ತದೆ. ನಮ್ಮೂರಲ್ಲಿ ಯಾರನ್ನಾದರೂ ಸಮಗ್ರ ಮನುಷ್ಯ ಅಂದರೆ ‘ಅಷ್ಟು ದಪ್ಪ ಇದ್ದಾನಾ?’ ಅಂತ ಕೇಳಿಯಾರು. ನಾವು ಕೈ ಶುದ್ಧ ಇರುವ ಮನುಷ್ಯ ಅನ್ನುತ್ತೇವೆ. ‘ಉತ್ತರದಾಯಿತ್ವ’ ಅಂದರೂ ಅಷ್ಟೇ, ಲೆಕ್ಕ ಒಪ್ಪಿಸುವುದು. ಪರೀಕ್ಷೆಯಲ್ಲಿ ಬರೆಯಲಿಕ್ಕೆ ದೊಡ್ಡ ಪದ ಬೇಕು, ಒಪ್ಪಿದೆ. ಆದರೆ ಪದದ ಹಿಂದೆ ಏನಿದೆ ಅಂತ ಒಂದು ಸಲ ಹೇಳಬಹುದಿತ್ತು.

ನಾಲ್ಕನೇ ಭಾನುವಾರ ಬೇರೆ ಸರ್ ಬಂದರು. ವಯಸ್ಸಾದವರು, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಕೈಯಲ್ಲಿ ನೋಟ್ಸ್ ಇಲ್ಲ. ಬೋರ್ಡ್ ಮೇಲೆ ‘ಅಂತರರಾಷ್ಟ್ರೀಯ ಸಂಸ್ಥೆಗಳ ನಾಯಕರು’ ಅಂತ ಬರೆದು, ಕೆಳಗೆ ಎರಡೇ ಅಂಕಿ ಬರೆದರು. 668, 529.

“ಏನಿದು ಹೇಳಿ?”

ಯಾರಿಗೂ ಗೊತ್ತಾಗಲಿಲ್ಲ. ಎರಿಕ್ ಸೋಲ್‌ಹೈಮ್ ಅಂತ ನಾರ್ವೆಯವರು, ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಮುಖ್ಯಸ್ಥರಾಗಿದ್ದವರು. ಕಚೇರಿ ಇರುವುದು ಕೀನ್ಯಾದ ನೈರೋಬಿಯಲ್ಲಿ. ಆಡಿಟ್ ಮಾಡಿದ 668 ದಿನಗಳಲ್ಲಿ 529 ದಿನ ಅವರು ಪ್ರಯಾಣದಲ್ಲೇ ಇದ್ದರು. ಖರ್ಚು 4,88,518 ಡಾಲರ್. ವಿಮಾನದ ಹೊಗೆಯಿಂದ ಭೂಮಿ ಬಿಸಿಯಾಗುತ್ತದೆ ಅಂತ ಜಗತ್ತಿಗೆ ಹೇಳಬೇಕಾದ ಕಚೇರಿ ಅದು. 2018ರ ನವೆಂಬರ್‌ನಲ್ಲಿ ರಾಜೀನಾಮೆ ಕೊಟ್ಟರು.

ನನಗೆ ಥಟ್ಟನೆ ಎಚ್ಚರ ಆಯಿತು. ಟಿಎ ಬಿಲ್, ಅಂದರೆ ಪ್ರಯಾಣ ಭತ್ಯೆಯ ಬಿಲ್, ನನ್ನ ಮೇಜಿನ ವಿಷಯ. ನಮ್ಮಲ್ಲಿ ಒಬ್ಬ ನಿರ್ದೇಶಕರು ಶಿವಮೊಗ್ಗದ ಸಭೆಗೆ ಬೈಕಿನಲ್ಲಿ ಹೋಗಿ ಬಂದು ಕಾರಿನ ಬಾಡಿಗೆ ಬರೆದಿದ್ದರು. ದಾರಿಯಲ್ಲಿ ಮಳೆಗೆ ಸಿಕ್ಕಿ ಸೊಸೈಟಿ ಬಾಗಿಲಲ್ಲೇ ರೈನ್‌ಕೋಟ್ ಬಿಚ್ಚಿದವರು, ಕಾರಿನಲ್ಲಿ ಹೋಗಿದ್ದೆ ಅಂತ ನನಗೇ ಬಿಲ್ ಕೊಟ್ಟರು. ನಾನು ಏನೂ ಮಾತಾಡಲಿಲ್ಲ. ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಒಂದು ಪ್ರಶ್ನೆ ಗುರುತು ಹಾಕಿ ಕಾರ್ಯದರ್ಶಿಗಳ ಮೇಜಿಗೆ ಇಟ್ಟೆ. ಬಿಲ್ ವಾಪಸ್ ಬಂತು, ಬಸ್ ಚಾರ್ಜಿಗೆ ಇಳಿದಿತ್ತು. ಆರು ತಿಂಗಳು ಅವರು ನನ್ನನ್ನು ಮಾತಾಡಿಸಲಿಲ್ಲ. ನೈರೋಬಿಯಲ್ಲೂ ಯಾರೋ ಒಬ್ಬ ಗುಮಾಸ್ತೆ ಆ ಬಿಲ್‌ಗಳನ್ನು ಒಂದೊಂದಾಗಿ ಫೈಲ್ ಮಾಡಿರಬೇಕಲ್ವಾ?

ಆಮೇಲೆ ಸರ್ ಕಥೆಯಿಂದ ಕಥೆಗೆ ಹೋದರು. ಇರಾಕಿನ ‘ತೈಲಕ್ಕೆ ಆಹಾರ’ ಕಾರ್ಯಕ್ರಮ, ನಿರ್ಬಂಧದಲ್ಲಿದ್ದ ಇರಾಕ್ ತೈಲ ಮಾರಿದ ದುಡ್ಡಿನಲ್ಲಿ ಆಹಾರ, ಔಷಧಿ ಕೊಳ್ಳಲಿ ಅಂತ ವಿಶ್ವಸಂಸ್ಥೆ ನಡೆಸಿದ್ದು. ಅದರಡಿ ಮಾರಾಟವಾದ ತೈಲವೇ 6,400 ಕೋಟಿ ಡಾಲರ್‌ನದು. ಅದನ್ನು ನೋಡಿಕೊಳ್ಳುತ್ತಿದ್ದ ಬೆನನ್ ಸೆವಾನ್ ಸುಮಾರು ಒಂದೂವರೆ ಲಕ್ಷ ಡಾಲರ್ ಲಂಚ ತೆಗೆದುಕೊಂಡರು ಅಂತ ವಿಶ್ವಸಂಸ್ಥೆಯೇ ತನಿಖೆಗೆ ನೇಮಿಸಿದ ವೋಲ್ಕರ್ ಸಮಿತಿ 2005ರಲ್ಲಿ ಹೇಳಿತು. ಅವರು ಒಪ್ಪಲಿಲ್ಲ. ಆ ದುಡ್ಡು ಆಂಟಿ ಕೊಟ್ಟದ್ದು ಅಂದರು. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ “ಅತ್ತೆನಾ ಚಿಕ್ಕಮ್ಮನಾ?” ಅಂದಳು. ಕ್ಲಾಸೆಲ್ಲ ನಕ್ಕಿತು. ಅದೇ ಸಮಿತಿಯ ವರದಿಯಿಂದ ನಮ್ಮ ದೇಶದ ವಿದೇಶಾಂಗ ಸಚಿವ ನಟವರ್ ಸಿಂಗ್ ಕುರ್ಚಿ ಬಿಡಬೇಕಾಗಿ ಬಂದದ್ದು ಅಂತ ಸರ್ ಹೇಳಿದ ಮೇಲೆ ಎಲ್ಲರೂ ಬರೆದುಕೊಂಡರು. ಭಾರತದ ಹೆಸರು ಬಂದರೆ ಪ್ರಶ್ನೆ ಬರುವ ಸಾಧ್ಯತೆ ಜಾಸ್ತಿ ಅಂತ ಎಲ್ಲರ ಲೆಕ್ಕ.

ನನಗೆ ಹೆಚ್ಚು ತಾಗಿದ್ದು ಯುಎನ್‌ಒಪಿಎಸ್ ಕಥೆ. ಇದೂ ವಿಶ್ವಸಂಸ್ಥೆಯದೇ, ಬೇರೆ ಸಂಸ್ಥೆಗಳ ಕಾಮಗಾರಿ ಮಾಡಿಕೊಡುವ ಕಚೇರಿ. ಹೀಗೆ ಕೆಲಸ ಮಾಡಿ ಕೈಯಲ್ಲಿ ದುಡ್ಡು ಉಳಿದಿತ್ತು. ಅದನ್ನು ಹೂಡಿಕೆ ಮಾಡುತ್ತೇವೆ ಅಂತ ಹೊರಟು ಸುಮಾರು 6 ಕೋಟಿ ಡಾಲರನ್ನು ಒಬ್ಬನೇ ಬ್ರಿಟಿಷ್ ವ್ಯಾಪಾರಿಗೆ ಸಂಬಂಧಪಟ್ಟ ಕಂಪನಿಗಳಿಗೆ ಕೊಟ್ಟರು. ಬಡವರಿಗೆ ಅಗ್ಗದ ಮನೆ ಕಟ್ಟುವುದು ಅದರಲ್ಲೊಂದು ಕೆಲಸ. ಅವನ ಮಗಳು ನಡೆಸುತ್ತಿದ್ದ ಸಂಸ್ಥೆಗೆ ಬೇರೆಯಾಗಿ 30 ಲಕ್ಷ ಡಾಲರ್. ಅದರಲ್ಲಿ ಸಮುದ್ರದ ಮೇಲೆ ಒಂದು ಪಾಪ್ ಹಾಡು ತಯಾರಾಯಿತು. ಮುಖ್ಯಸ್ಥೆ ಗ್ರೆಟೆ ಫಾರೆಮೊ 2022ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು.

ಒಂದೇ ಮನೆಗೆ ಅಷ್ಟು ಸಾಲ! ನಮ್ಮಲ್ಲಿ ಎರಡು ಎಕರೆ ತೋಟದವನು ಐವತ್ತು ಸಾವಿರ ಕೇಳಿದರೆ ಪಹಣಿ ತರಬೇಕು, ಜಾಮೀನಿಗೆ ಇಬ್ಬರು ಸದಸ್ಯರು ಬಂದು ಸಹಿ ಹಾಕಬೇಕು. ಜಾಮೀನಿಗೆ ಬಂದವನು ಅವನ ಭಾವನೇ ಆಗಿದ್ದರೆ ಕಮಿಟಿಯಲ್ಲಿ ಯಾರಾದರೊಬ್ಬರು ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಗಂಟಲು ಸರಿ ಮಾಡಿಕೊಳ್ಳುವವರು ಇಲ್ಲದ ಸೊಸೈಟಿಗಳೂ ಇವೆ, ಇಲ್ಲ ಅನ್ನುವುದಿಲ್ಲ. ಅವು ಏನಾದವು ಅಂತ ಈ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ.

ನಾನು ಎದ್ದು ನಿಂತು ಕೇಳಿಯೇಬಿಟ್ಟೆ. “ಸರ್, ನಮ್ಮ ಸೊಸೈಟಿಯಲ್ಲಿ ಹೀಗಾದರೆ 64 ಹಾಕಿಸುತ್ತಾರೆ. ಇವರಿಗೆ 64 ಹಾಕುವವರು ಯಾರು?”

ಗೊತ್ತಿಲ್ಲದವರಿಗೆ: ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ 64ನೇ ಕಲಂ ಅಂದರೆ ಸಹಕಾರ ಸಂಘಗಳ ರಿಜಿಸ್ಟ್ರಾರ್ ಮಾಡಿಸುವ ವಿಚಾರಣೆ. 69 ಅಂದರೆ ನಷ್ಟ ಮಾಡಿದವರ ಕೈಯಿಂದಲೇ ವಸೂಲಿ. ನಮ್ಮಲ್ಲಿ ಜಗಳ ಜೋರಾದರೆ ಮಕ್ಕಳೂ “64 ಹಾಕಿಸ್ತೀನಿ” ಅನ್ನುತ್ತವೆ.

ಸರ್ ಚಾಕ್ ಕೆಳಗಿಟ್ಟರು. “ಮೇಡಂ, ಅಲ್ಲಿ ರಿಜಿಸ್ಟ್ರಾರೇ ಇಲ್ಲ.”

ಆ ಮುಂದಿನ ಮುಕ್ಕಾಲು ಗಂಟೆಗೇ ನಾನು ಮೂರು ಸ್ಟಾರ್ ಕೊಡುತ್ತಿರುವುದು. 1946ರ ಒಂದು ಒಪ್ಪಂದದ ಪ್ರಕಾರ ವಿಶ್ವಸಂಸ್ಥೆಯನ್ನು ಯಾವ ದೇಶದ ಕೋರ್ಟಿಗೂ ಎಳೆಯುವ ಹಾಗಿಲ್ಲ. ಅದನ್ನು ಪಾಲಿಸಲಿಕ್ಕೆ ನಮ್ಮ ದೇಶವೂ 1947ರಲ್ಲಿ ಕಾಯ್ದೆ ಮಾಡಿದೆ. ಅಧಿಕಾರಿಗಳಿಗೂ ಕೆಲಸದ ವಿಷಯದಲ್ಲಿ ರಕ್ಷಣೆ ಇದೆ. ಅದನ್ನು ತೆಗೆಯುವ ಅಧಿಕಾರ ಮಹಾಕಾರ್ಯದರ್ಶಿಗೆ. ಮಹಾಕಾರ್ಯದರ್ಶಿಯ ಮೇಲೇ ಮಾತು ಬಂದರೆ ಭದ್ರತಾ ಮಂಡಳಿಗೆ. ಈ ರಕ್ಷಣೆ ಕಳ್ಳರಿಗೆ ಅಂತ ಮಾಡಿದ್ದಲ್ಲ, ದೊಡ್ಡ ದೇಶಗಳು ಸಣ್ಣ ನೆಪ ಹೂಡಿ ಹಿಡಿದು ಕೂರಿಸಬಾರದು ಅಂತ ಮಾಡಿದ್ದು ಎಂದು ಸರ್ ಹೇಳಿದರು. 1953ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನವರು ವಿಶ್ವಸಂಸ್ಥೆಯ ಕಟ್ಟಡದೊಳಗೇ ಕೂತು ಅಮೆರಿಕದ ನೌಕರರನ್ನು ವಿಚಾರಿಸುತ್ತಿದ್ದರಂತೆ. ಆಗಷ್ಟೇ ಮಹಾಕಾರ್ಯದರ್ಶಿಯಾಗಿ ಬಂದಿದ್ದ ಡಾಗ್ ಹ್ಯಾಮರ್‌ಶೋಲ್ಡ್ ಆ ಎಫ್‌ಬಿಐನವರನ್ನು ಹೊರಗೆ ಕಳಿಸಿದರು. ಮೊದಲ ವಾರದ ನೋಟ್ಸ್‌ನಲ್ಲೂ ಈ ಹ್ಯಾಮರ್‌ಶೋಲ್ಡ್ ಇದ್ದರು, ಒಂದು ಉದ್ಧರಣೆಯಾಗಿ. ಎಫ್‌ಬಿಐ ಸುದ್ದಿ ಅದರಲ್ಲಿ ಇರಲಿಲ್ಲ.

ಆಮೇಲೆ ಹೈಟಿ ದೇಶದ ಕಥೆ. 2010ರ ಅಕ್ಟೋಬರ್. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದ ಪಾಯಿಖಾನೆಯ ಕೊಳಕು ಹೊಳೆಗೆ ಸೇರಿತು. ಆ ಹೊಳೆ ನೀರನ್ನು ಕೆಳಗಿನ ಜನ ಕುಡಿಯುತ್ತಿದ್ದರು. ಕಾಲರಾ ಹಬ್ಬಿ ಸುಮಾರು 10,000 ಜನ ಸತ್ತರು. ಸತ್ತವರ ಕಡೆಯವರು ನ್ಯೂಯಾರ್ಕ್ ಕೋರ್ಟಿಗೆ ಹೋದರು. ವಿಶ್ವಸಂಸ್ಥೆಗೆ ರಕ್ಷಣೆ ಇದೆ, ಕೇಸ್ ನಡೆಯಲ್ಲ ಅಂತ ತೀರ್ಪಾಯಿತು. ಆಗಿನ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್‌ನಲ್ಲಿ, ಅವರ ಅವಧಿ ಮುಗಿಯಲು ಒಂದೇ ತಿಂಗಳು ಉಳಿದಿತ್ತು. ಸರ್ ಇದನ್ನು ಹೇಳಿ ಕಿಟಕಿ ಕಡೆ ನೋಡಿದರು. ಅವತ್ತು ತುಂಗೆ ತುಂಬಿ ಕೋರ್ಪಲಯ್ಯನ ಛತ್ರದ ಮಂಟಪ ಮುಳುಗಿದೆ ಅಂತ ಊರೆಲ್ಲ ನೋಡಲಿಕ್ಕೆ ಹೋಗಿತ್ತು. ಕ್ಲಾಸಿನಲ್ಲಿ ಯಾರೂ ಪೆನ್ ಎತ್ತಲಿಲ್ಲ.

ಹಾಗಾದರೆ ಒಳಗೆ ಆಡಿಟ್ ಇಲ್ಲವಾ ಅಂದರೆ ಇದೆ. 1994ರಲ್ಲಿ ಆಂತರಿಕ ಮೇಲ್ವಿಚಾರಣೆಗೆ ಅಂತಲೇ ಒಂದು ಕಚೇರಿ ಮಾಡಿದರು. ಸೋಲ್‌ಹೈಮ್ ಬಿಲ್‌ಗಳನ್ನು ಹಿಡಿದದ್ದೂ ಅದೇ. ಅದರ ಮುಖ್ಯಸ್ಥೆಯಾಗಿದ್ದ ಸ್ವೀಡನ್ನಿನ ಇಂಗಾ ಬ್ರಿಟ್ ಅಲೇನಿಯಸ್ 2010ರಲ್ಲಿ ಕೆಲಸ ಬಿಡುವಾಗ ಐವತ್ತು ಪುಟದ ಪತ್ರ ಬರೆದು ಹೋದರು. ತನಿಖಾ ವಿಭಾಗಕ್ಕೆ ತನಗೆ ಬೇಕಾದವರನ್ನು ನೇಮಿಸಿಕೊಳ್ಳಲು ಮಹಾಕಾರ್ಯದರ್ಶಿಯ ಕಚೇರಿ ಬಿಡಲಿಲ್ಲ ಅನ್ನುವುದು ಅದರಲ್ಲಿದ್ದ ದೊಡ್ಡ ದೂರು. ಐವತ್ತು ಪುಟ! ನಾನು ಒಂದು ಪ್ರಶ್ನೆ ಗುರುತಿಗೇ ಆರು ತಿಂಗಳು ಮಾತು ಕಳೆದುಕೊಂಡವಳು. ಈ ಹೆಂಗಸಿನ ಹೆಸರನ್ನು ನೋಟ್‌ಬುಕ್ಕಿನಲ್ಲಿ ಎರಡು ಸಲ ಅಡಿಗೆರೆ ಎಳೆದು ಬರೆದುಕೊಂಡೆ.

ಮುಂದಿನ ಬೆಂಚಿನ ಹುಡುಗ ಫುಟ್‌ಬಾಲ್ ಪ್ರಿಯ. “ಸರ್, ಫಿಫಾದಲ್ಲಿ ಓಟಿದೆಯಲ್ಲ, ಅಲ್ಲಿ ಯಾಕೆ ಹೀಗಾಯಿತು?” ಅಂದ. ಒಳ್ಳೆ ಪ್ರಶ್ನೆ. ಫಿಫಾ ಅಂದರೆ ಸ್ವಿಟ್ಜರ್‌ಲೆಂಡ್ ಕಾನೂನಿನಲ್ಲಿ ಒಂದು ಸಂಘ ಅಷ್ಟೇ, ನಮ್ಮ ಸೊಸೈಟಿ ಹಾಗೆ. ಒಂದು ದೇಶಕ್ಕೆ ಒಂದು ಓಟು. 2015ರ ಮೇ 27ರಂದು ಜೂರಿಕ್‌ನ ಹೋಟೆಲಿನಲ್ಲಿ ಬೆಳಗಿನ ಜಾವ ಪದಾಧಿಕಾರಿಗಳನ್ನು ಲಂಚದ ಆರೋಪದ ಮೇಲೆ ಪೊಲೀಸರು ಹಿಡಿದರು. ಎರಡು ದಿನ ಬಿಟ್ಟು ಚುನಾವಣೆ. ಆಗಿನ ಅಧ್ಯಕ್ಷ ಸೆಪ್ ಬ್ಲಾಟರ್‌ಗೆ 133 ಓಟು, ಎದುರಾಳಿಗೆ 73! ಕೇಂದ್ರದಿಂದ ಪ್ರತಿ ದೇಶದ ಸಂಘಕ್ಕೂ ಅಭಿವೃದ್ಧಿ ಹಣ ಹೋಗುತ್ತಿತ್ತು ಅಂದರು ಸರ್. ನನಗೆ ಮುಂದೆ ಹೇಳುವುದೇ ಬೇಕಾಗಲಿಲ್ಲ. ಚುನಾವಣೆ ವರ್ಷದಲ್ಲಿ ಯಾರ ಸಾಲ ಬೇಗ ಮಂಜೂರಾಗುತ್ತದೆ ಅಂತ ನಾನು ಲೆಡ್ಜರ್‌ನಲ್ಲೇ ನೋಡಿದ್ದೇನೆ. ಲೆಕ್ಕ ಕೇಳಬೇಕಾದವನ ಎಲೆಗೆ ಮೊದಲೇ ಪಾಯಸ ಬಡಿಸಿಬಿಟ್ಟರೆ ಅವನು ಬಾಯಿ ಬಿಡುವುದು ಉಣ್ಣಲಿಕ್ಕೆ ಮಾತ್ರ. ಬ್ಲಾಟರ್ ಆಮೇಲೆ ನಿಷೇಧಕ್ಕೊಳಗಾದರು. ಆದರೆ ಯುರೋಪಿನ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷರಾಗಿದ್ದ ಪ್ಲಾಟಿನಿಗೆ 20 ಲಕ್ಷ ಫ್ರಾಂಕ್ ಕೊಟ್ಟ ಕ್ರಿಮಿನಲ್ ಕೇಸಿನಲ್ಲಿ ಸ್ವಿಸ್ ಕೋರ್ಟುಗಳು 2022ರಲ್ಲೂ 2025ರಲ್ಲೂ ಬಿಡುಗಡೆ ಮಾಡಿದವು. ಸರ್ ಇದನ್ನು ನುಂಗಲಿಲ್ಲ, ಬೋರ್ಡ್ ಮೇಲೆ ಬರೆದೇ ಹೇಳಿದರು. ಅದು ನನಗೆ ಹಿಡಿಸಿತು.

ಐದನೇ ಭಾನುವಾರ ಮತ್ತೆ ಹಳೇ ನೋಟ್ಸ್‌ನವರು ಬಂದರು. ಅದರ ಬಗ್ಗೆ ಬರೆಯಲಿಕ್ಕೆ ಏನೂ ಇಲ್ಲ.

ಆರನೇದು ಮಳೆಗೆ ರದ್ದಾಯಿತು. ಬದಲಿಗೆ ನಲವತ್ತು ನಿಮಿಷದ ವಿಡಿಯೊ ಕಳಿಸಿದರು. ಆರು ಉತ್ತರ ಪತ್ರಿಕೆಯಲ್ಲಿ ತಿದ್ದಿ ಕೊಟ್ಟದ್ದು ಎರಡು. ಒಂದರಲ್ಲಿ ನಾನು ಸೋಲ್‌ಹೈಮ್, ಫಾರೆಮೊ, ಹೈಟಿ ಮೂರನ್ನೂ ಬರೆದಿದ್ದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಉದಾಹರಣೆ ಕೊಡಿ’ ಅಂತಿದೆ. ತಿದ್ದಿದ ಕೈ ಆ ವಯಸ್ಸಾದ ಸರ್‌ದಲ್ಲ ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತದೆ.

ರಸೀದಿ ವಿಷಯ. ಮೊದಲ ದಿನವೇ ಕೇಳಿದ್ದೆ. ಆಫೀಸಿನ ಹುಡುಗ ಬಿಳಿ ಚೀಟಿಯಲ್ಲಿ ‘4500 ಬಂದಿದೆ’ ಅಂತ ಬರೆದುಕೊಟ್ಟ. ನಂಬರ್ ಇಲ್ಲ, ಸೀಲ್ ಇಲ್ಲ, ತಾರೀಖೂ ಇಲ್ಲ.

“ಫೋನ್‌ಪೇ ಮಾಡಿದೀರಲ್ಲ ಮೇಡಂ, ಅದೇ ಇದೆಯಲ್ಲ.”

“ಅದು ನಾನು ಕೊಟ್ಟದ್ದಕ್ಕೆ ಸಾಕ್ಷಿಯಪ್ಪ. ಯಾವುದಕ್ಕೆ ತಗೊಂಡಿರಿ ಅಂತ ನೀವು ಬರೆದುಕೊಡಬೇಕು.”

“ಸರ್‌ಗೆ ಹೇಳ್ತೀನಿ” ಅಂದ. ಇಲ್ಲಿಗೆ ಮೂರು ಸಲ ಹೇಳಿದ್ದಾನೆ. ನೀತಿಶಾಸ್ತ್ರದ ಕ್ಲಾಸಿನಲ್ಲಿ ರಸೀದಿ ಸಿಗಲಿಲ್ಲ ಅಂತ ಮನೆಯಲ್ಲಿ ಹೇಳಿದರೆ ಅಮ್ಮ ಸೆರಗು ಬಾಯಿಗಿಟ್ಟು ನಕ್ಕರು.

ಸೇರುವವರು ಹೀಗೆ ಮಾಡಿ. ಪೂರ್ತಿ ಕೋರ್ಸ್ ಬೇಡ. ಆ ವಯಸ್ಸಾದ ಸರ್ ಯಾವ ಭಾನುವಾರ ಬರುತ್ತಾರೆ ಅಂತ ಫೋನ್ ಮಾಡಿ ಕೇಳಿ, ಆ ಒಂದು ದಿನಕ್ಕೆ ದುಡ್ಡು ಕೊಡುತ್ತೇನೆ ಅನ್ನಿ. ಮೊದಲು ಒಪ್ಪುವುದಿಲ್ಲ, ಆಮೇಲೆ ಒಪ್ಪುತ್ತಾರೆ. ನನ್ನ ಗೆಳತಿಗೆ 800ಕ್ಕೆ ಒಪ್ಪಿದ್ದಾರೆ. ಊಟಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಕೂತು ಉಣ್ಣಲಿಕ್ಕೆ ಬಿಡುತ್ತಾರೆ. ನನ್ನ ಅಕ್ಕಿರೊಟ್ಟಿ, ಮಿಡಿ ಉಪ್ಪಿನಕಾಯಿಗೆ ಆ ಸರ್ ಕೂಡ ಪಾಲುದಾರರಾದರು. ಪರೀಕ್ಷೆಯಲ್ಲಿ ನಾಯಕ ಎಷ್ಟು ಒಳ್ಳೆಯವನು ಅಂತ ಎರಡು ಪುಟ ಬರೆಯಬೇಡಿ, ಅವನನ್ನು ಕೇಳುವವರು ಯಾರು, ಕೇಳಿದವರಿಗೆ ಆಮೇಲೆ ಏನಾಗುತ್ತದೆ, ಅದನ್ನು ಬರೆಯಿರಿ ಅಂತ ಅವರು ಹೇಳಿದ್ದು ಕ್ಲಾಸಿನಲ್ಲಲ್ಲ, ಆ ರೊಟ್ಟಿ ತಿನ್ನುವಾಗ.

ನಡೆಯದ ಕ್ಲಾಸಿಗೆ 750 ರೂಪಾಯಿ ವಾಪಸ್ ಕೊಡಿ ಅಂತ ಬರೆದು, ಕೆಳಗೆ ಸಹಿ ಹಾಕಿ, ಒಂದು ಪ್ರತಿ ನಾನಿಟ್ಟುಕೊಂಡು ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ದುಡ್ಡು ಬಂದರೆ ಅರ್ಧ ಸ್ಟಾರ್ ಏರಿಸುತ್ತೇನೆ. ನಂಬರ್ ಇರುವ ರಸೀದಿ ಬಂದರೆ ಇನ್ನರ್ಧ.