ಕಾಸರಗೋಡಿನಲ್ಲಿ ಕನ್ನಡ ಧಾರಾವಾಹಿ: ಕೇಬಲ್ಲೋ, ಡಿಶ್ಶೋ?

ಕುಂಬಳೆ, ಬದಿಯಡ್ಕ ಕಡೆಯ ಕನ್ನಡ ಮನೆಗಳಿಗೆ ಕೇಬಲ್ಲೇ ಮೇಲು. ಆದರೆ ಕೇಬಲ್‌ನವರು ಹಾಕಿಕೊಡುವ ಪ್ಯಾಕ್ ಹಾಗೇ ತೆಗೆದುಕೊಳ್ಳಬೇಡಿ. ಊರು ಕೇರಳದಲ್ಲಿರುವುದರಿಂದ ಅದು ಮಲಯಾಳಂ ಪ್ಯಾಕ್ ಆಗಿರುವುದೇ ಹೆಚ್ಚು; ಅದರ ಮೇಲೆ ಕನ್ನಡ ಸೇರಿಸಿದರೆ ನೋಡದ ಚಾನೆಲ್‌ಗಳಿಗೂ ದುಡ್ಡು ತೆತ್ತಂತೆ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಬೇಕಾದ ಚಾನೆಲನ್ನು ಬಿಡಿಯಾಗಿಯೂ ಕೇಳಬಹುದು, ಅದು ನಿಮ್ಮ ಹಕ್ಕು. 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಪ್ಯಾಕ್‌ಗೆ ಸೇರಿಸುವಂತಿಲ್ಲ. ಬಿಲ್ಲಿನಲ್ಲಿ ಮೂರು ಸಾಲು ನೋಡಿ: ನೆಟ್‌ವರ್ಕ್ ಶುಲ್ಕ, ಚಾನೆಲ್ ಬೆಲೆ, ಶೇ. 18 ಜಿಎಸ್‌ಟಿ. ಹಳೆಯ ಟಿವಿಗೆ ಎಚ್‌ಡಿ ಚಾನೆಲ್ ದಂಡ.

ಡಿಟಿಎಚ್‌ನಲ್ಲಿ, ಅಂದರೆ ಮನೆಯ ಡಿಶ್ಶಿನಲ್ಲಿ, ಕನ್ನಡ ಪ್ಯಾಕ್ ಸುಲಭವಾಗಿ ಸಿಗುತ್ತದೆ. ತೊಂದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ. ಉಪಗ್ರಹದಿಂದ ಡಿಶ್ಶಿಗೆ ಬರುವ ಕೆಯು ಬ್ಯಾಂಡಿನ ಅಲೆಯನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಸಂಜೆಯ ಧಾರಾವಾಹಿ ಸರಿಯಾಗಿ ಕಣ್ಣೀರಿನ ದೃಶ್ಯಕ್ಕೆ ಬಂದಾಗಲೇ ಪರದೆ ಚೌಕಚೌಕವಾಗಿ ಒಡೆಯುತ್ತದೆ. ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ಎಲ್‌ಎನ್‌ಬಿ (ಡಿಶ್ಶಿನ ಮುಂದಿರುವ, ಅಲೆ ಹಿಡಿಯುವ ಭಾಗ) ಕನೆಕ್ಟರಿಗೆ ನೀರು ಹೊಕ್ಕಿರಬಹುದು. ವೈರಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿ, ರಬ್ಬರ್ ಟೇಪು ಸುತ್ತಿಸಿ. ತೆಂಗಿನ ಗರಿ ಡಿಶ್ಶಿಗೆ ಅಡ್ಡ ಬಂದಿದೆಯೇ ಎಂದೂ ನೋಡಿ.

ಡಿಡಿ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ, ಚಂದನ ಬರುತ್ತದೆ. ಖಾಸಗಿ ಪೇ ಚಾನೆಲ್‌ಗಳ ಧಾರಾವಾಹಿ ಮಾತ್ರ ಇಲ್ಲ.

ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿಯಿದೆ. ದುಡ್ಡು ಕೊಟ್ಟು ನೋಡುವ ಚಾನೆಲ್‌ಗೂ ಇಷ್ಟು ಜಾಹೀರಾತು ಯಾಕೆ ಎಂಬ ಅಜ್ಜಿಯಂದಿರ ಸಿಟ್ಟು ನ್ಯಾಯವಾದದ್ದೇ.