ಮನೆಗೆ ಫ್ಲೋಟ್ ಟ್ಯಾಂಕ್: ನಮ್ಮ ಕಡೆಯ ನೀರು, ನೆಲ, ಕರೆಂಟಿಗೆ ಒಗ್ಗುತ್ತದೆಯೇ?

ಉಪ್ಪುನೀರಿನ ಮೇಲೆ ಕತ್ತಲು, ಮೌನದಲ್ಲಿ ತೇಲುತ್ತಾ ಮಲಗಿ ವಿಶ್ರಾಂತಿ ಪಡೆಯುವ ತೊಟ್ಟಿಯೇ ಫ್ಲೋಟ್ ಟ್ಯಾಂಕ್. ಮನೆಯೊಳಗೆ ಇಡುವ ಟೆಂಟ್ ಮಾದರಿಯದರ ರಚನೆ ಸರಳ. ಪೈಪಿನ ಚೌಕಟ್ಟು, ಬೆಳಕು ತೂರದ ದಪ್ಪ ಹೊದಿಕೆ, ಒಳಗೆ ನೀರು ನಿಲ್ಲುವ ವಿನೈಲ್ ಲೈನರ್, ಅದರ ಕೆಳಗೆ ಹೀಟರ್ ಮ್ಯಾಟ್, ಹೊರಗೆ ಪಂಪು, ಫಿಲ್ಟರು. ಸುಮಾರು 8 ಅಡಿ ಉದ್ದ, 4 ಅಡಿ ಅಗಲ. ನೀರಿನ ಆಳ ಒಂದು ಗೇಣಿಗಿಂತ ತುಸು ಹೆಚ್ಚು, 27 ಸೆಂ.ಮೀ. ಇಷ್ಟೇ ನೀರಿನಲ್ಲಿ ಮೈ ತೇಲುವುದು ಅದರಲ್ಲಿ ಕರಗಿರುವ ಮ್ಯಾಗ್ನೀಸಿಯಂ ಸಲ್ಫೇಟ್ ಎಂಬ ಉಪ್ಪಿನಿಂದ. ಧಾರವಾಡ, ಹಾವೇರಿ ಕಡೆಯ ರೈತರಿಗೆ ಇದು ಹೊಸದಲ್ಲ. ಹತ್ತಿ ಎಲೆ ಕೆಂಪಾದಾಗ ಲೀಟರ್ ನೀರಿಗೆ 10 ಗ್ರಾಂ ಹಾಕಿ ಹೊಡೆಯುವುದು ಇದನ್ನೇ. ಟ್ಯಾಂಕಿಗೆ ಮಾತ್ರ ನೀರಿನಷ್ಟೇ ತೂಕದ ಈ ಉಪ್ಪು ಬೇಕು: 500 ಲೀಟರಿಗೆ 500 ಕೆ.ಜಿ. ಕರಗಿದ ಮೇಲೆ ಒಟ್ಟು 800 ಲೀಟರಿನಷ್ಟಾಗುತ್ತದೆ.

ಪ್ರಯೋಜನದ ಮಾತು ಮೊದಲು. ನೀರು 35 ಡಿಗ್ರಿಯ ಆಸುಪಾಸಿನಲ್ಲಿ, ಚರ್ಮದಷ್ಟೇ ಬೆಚ್ಚಗಿರುತ್ತದೆ. ಹತ್ತು ಹದಿನೈದು ನಿಮಿಷ ಚಡಪಡಿಕೆ ಇರುತ್ತದೆ, ಆಮೇಲೆ ಮೈ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಬೆನ್ನಿನ ಮೇಲೆ ಭಾರ ಬೀಳುವುದಿಲ್ಲ, ಕತ್ತಲು ಮತ್ತು ಮೌನದಲ್ಲಿ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಅಮೆರಿಕದಲ್ಲಿ ನರವಿಜ್ಞಾನಿ ಜಾನ್ ಲಿಲ್ಲಿ 1954ರಲ್ಲಿ ಮೊದಲ ಟ್ಯಾಂಕ್ ಮಾಡಿದ್ದು ಚಿಕಿತ್ಸೆಗಲ್ಲ, ಹೊರಗಿನ ಪ್ರಚೋದನೆ ನಿಂತರೆ ಮಿದುಳು ಏನು ಮಾಡುತ್ತದೆ ಎಂದು ನೋಡಲು. ಮುಂದೆ 2018ರಲ್ಲಿ ಸಂಶೋಧಕ ಜಸ್ಟಿನ್ ಫೈನ್‌ಸ್ಟೈನ್ ಮತ್ತು ಸಂಗಡಿಗರು ಆತಂಕದಿಂದ ಬಳಲುವ 50 ಜನರನ್ನು ಒಂದೊಂದು ತಾಸು ತೇಲಿಸಿ ನೋಡಿದಾಗ ಆತಂಕ ಚೆನ್ನಾಗಿಯೇ ಇಳಿದಿತ್ತು. ಆದರೆ ಹೋಲಿಸಿ ನೋಡಲು ಅದರಲ್ಲಿ ಇನ್ನೊಂದು ಚಿಕಿತ್ಸೆಯ ಗುಂಪು ಇರಲಿಲ್ಲ. ದೀರ್ಘಕಾಲದ ನೋವಿನ ಬಗ್ಗೆ ಜರ್ಮನಿಯಲ್ಲಿ 99 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಲಾಭ ಉಳಿಯಲಿಲ್ಲ. ಹಾಗಾಗಿ ಮನಸ್ಸಿನ ಬಿಗಿತ ಸಡಿಲಾಗಲಿ, ದಣಿದ ಬೆನ್ನಿಗೆ ಒಂದು ತಾಸು ವಿಶ್ರಾಂತಿ ಸಿಗಲಿ ಎಂದು ಕೊಳ್ಳುವುದಾದರೆ ಸರಿ. ಹಳೇ ಸೊಂಟನೋವು ವಾಸಿಯಾಗುತ್ತದೆ ಎಂದು ಕೊಳ್ಳಬೇಡಿ. ಚರ್ಮದ ಮೂಲಕ ಮೈಗೆ ಮ್ಯಾಗ್ನೀಸಿಯಂ ಸೇರುತ್ತದೆ ಎಂಬ ಮಾರಾಟದ ಮಾತಿಗೂ ಗಟ್ಟಿ ಆಧಾರವಿಲ್ಲ.

ಈಗ ನೀರು. ನಮ್ಮ ಕಡೆ ಈ ಟ್ಯಾಂಕು ಹಾಳಾಗುವುದು ಇಲ್ಲಿಂದಲೇ. ಗದಗದ ಕಡೆಯ ಬಹಳಷ್ಟು ಬೋರುಗಳ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದಕ್ಕೆ ಕ್ವಿಂಟಲ್‌ಗಟ್ಟಲೆ ಸಲ್ಫೇಟ್ ಸುರಿದರೆ ಎರಡೂ ಸೇರಿ ಜಿಪ್ಸಮ್ ಆಗಿ ಬೇರ್ಪಡುತ್ತದೆ. ನೀರು ಮಬ್ಬಾಗುತ್ತದೆ, ತಳದಲ್ಲಿ ಬಿಳಿ ಹೆಕ್ಕಳೆ ಕೂರುತ್ತದೆ, ಫಿಲ್ಟರ್ ಕಟ್ಟುತ್ತದೆ. ಹುಬ್ಬಳ್ಳಿ-ಧಾರವಾಡದವರು ಬೋರಿನ ನೀರು ಬಿಟ್ಟು ಮಲಪ್ರಭೆಯ ನಳದ ನೀರನ್ನೇ ತುಂಬಬೇಕು. ನಳ ಬರುವುದೇ ಕೆಲವು ದಿನಗಳಿಗೊಮ್ಮೆ, ಅದೂ ತಪ್ಪುತ್ತದೆ ಎನ್ನುವವರಿಗೆ ಒಂದು ಸಮಾಧಾನವಿದೆ: ಈ ನೀರನ್ನು ದಿನಾ ಬದಲಿಸುವುದಿಲ್ಲ, ಆವಿಯಾದಷ್ಟನ್ನು ಮಾತ್ರ ತುಂಬುತ್ತಾ ತಿಂಗಳುಗಟ್ಟಲೆ ನಡೆಸಬಹುದು.

ಉಪ್ಪನ್ನು ಗೊಬ್ಬರದಂಗಡಿಯಿಂದ ತರುವ ಆಸೆ ಬೇಡ. ಬೆಳೆಗೆ ಮಾರುವ ಚೀಲದಲ್ಲಿ ಕರಗದ ಮಣ್ಣು, ಕಬ್ಬಿಣದ ಅಂಶ ಇರಬಹುದು, ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಔಷಧ ದರ್ಜೆಯ 25 ಕೆ.ಜಿ.ಯ 20 ಚೀಲ ತರಿಸಿ. ಕರಗುವಾಗ ಈ ಉಪ್ಪು ಶಾಖ ಹೀರುತ್ತದೆ, ತಣ್ಣೀರಿಗೆ ಹಾಕಿದರೆ ಇನ್ನಷ್ಟು ತಣ್ಣಗಾಗಿ ಅರ್ಧ ಉಪ್ಪು ತಳದಲ್ಲಿ ಹಾಸುಗಲ್ಲಿನಂತೆ ಗಟ್ಟಿಯಾಗುತ್ತದೆ. ಆ ಗಟ್ಟಿಯ ಕೆಳಗೆ ಹೀಟರ್ ಮ್ಯಾಟ್ ಕಾದು ಲೈನರ್ ಕೆಡುತ್ತದೆ. ಆದ್ದರಿಂದ ಗೀಸರಿನ ಬಿಸಿನೀರು ಸೇರಿಸಿ 40 ಡಿಗ್ರಿ ಮಾಡಿಕೊಂಡು, ಹೀಟರ್ ಆರಿಸಿ, ಒಂದೊಂದೇ ಚೀಲ ಸುರಿದು, ಕೈಗೆ ಕಾಳು ಸಿಗದಷ್ಟು ಕಲಕಿ ಮುಂದಿನದಕ್ಕೆ ಹೋಗಬೇಕು.

ಸಾಂದ್ರತೆ ಅಳೆಯಲು ದುಬಾರಿ ಸಾಧನ ಬೇಡ. ಟ್ರ್ಯಾಕ್ಟರ್ ಬ್ಯಾಟರಿಯ ಆಸಿಡ್ ನೋಡುವ ಗಾಜಿನ ಹೈಡ್ರೋಮೀಟರ್ ಇದೆಯಲ್ಲ, ಅದರ ಪಟ್ಟಿಯೂ 1.100ರಿಂದ 1.300ರವರೆಗೆ. ಹೊಸದೊಂದನ್ನು ಇದಕ್ಕೆಂದೇ ತಂದಿಡಿ, ಆಸಿಡ್ ಮುಟ್ಟಿದ್ದು ಬೇಡ. ರಬ್ಬರ್ ಬುರುಡೆ ಒತ್ತಿ ನೀರು ಎಳೆದಾಗ ಒಳಗಿನ ತೇಲು 1.26ಕ್ಕೆ ನಿಂತರೆ ಸರಿಯಾಗಿದೆ. 1.23ಕ್ಕೆ ಇಳಿದರೆ ಸೊಂಟ ಕೆಳಗೆ ಜಗ್ಗುತ್ತದೆ, ಉಪ್ಪು ಹಾಕಿ. 1.28 ದಾಟಿದರೆ ಬರೀ ನೀರು ಸಾಕು.

ನೀರು, ಉಪ್ಪು ಸೇರಿ ಒಂದು ಟನ್. ಚದರ ಮೀಟರಿಗೆ ಸುಮಾರು 350 ಕೆ.ಜಿ. ಬೀಳುತ್ತದೆ. ವಾಸದ ಕೋಣೆಯ ಸ್ಲ್ಯಾಬಿಗೆ ಐಎಸ್ 875 (ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನದಂಡ) ಪ್ರಕಾರ ಲೆಕ್ಕ ಹಿಡಿಯುವುದು ಸುಮಾರು 200 ಕೆ.ಜಿ. ನೆಲಮಹಡಿಯ ಕೋಣೆಯೇ ಇದರ ಜಾಗ, ಮೇಲಿನ ಮಹಡಿಯಾದರೆ ಎಂಜಿನಿಯರ್ ನೋಡಲೇಬೇಕು. ಹಳೇ ಜಂತಿ ಮನೆಯ ಮಾಳಿಗೆ ಮೇಲೆ ಯೋಚನೆಯನ್ನೂ ಮಾಡಬೇಡಿ. ಮೈಯಿಂದ ಸೋರುವ ಹನಿಯನ್ನು ಆಗಾಗ ಒರೆಸದಿದ್ದರೆ ಸಲ್ಫೇಟ್ ಸಿಮೆಂಟಿನೊಳಗೆ ಇಳಿದು ಗಿಲಾವು ಉದುರುತ್ತದೆ, ಪಕ್ಕದ ತಿಜೋರಿಯ ಕಾಲು ತುಕ್ಕು ಹಿಡಿಯುತ್ತದೆ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತ ಮಾಡುವ ಸ್ವಿಚ್) ಇಲ್ಲದೆ ಪ್ಲಗ್ ಹಾಕಲೇಬಾರದು. ಕರೆಂಟ್ ಎರಡು ತಾಸು ಹೋದರೆ ಚಿಂತೆಯಿಲ್ಲ, ಇಷ್ಟು ನೀರು ಬೇಗ ತಣ್ಣಗಾಗುವುದಿಲ್ಲ. ಆದರೆ ಧಾರವಾಡದ ಡಿಸೆಂಬರ್ ಚಳಿಯಲ್ಲಿ ಹೀಟರ್ ಕೆಟ್ಟು ನಾಲ್ಕಾರು ದಿನ ಬಿದ್ದರೆ ಉಪ್ಪು ಹರಳುಗಟ್ಟಿ ಪಂಪಿನ ಪೈಪು ಮುಚ್ಚಿಹೋಗುತ್ತದೆ.

ಉಪ್ಪು ಇದೆ, ಕ್ರಿಮಿ ಬೆಳೆಯುವುದಿಲ್ಲ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಪ್ರತಿಯೊಬ್ಬರು ಎದ್ದ ಮೇಲೂ ನೀರು ಮೂರು ಸಲವಾದರೂ ಫಿಲ್ಟರ್ ದಾಟಬೇಕು, ನಿಮಿಷಕ್ಕೆ 40 ಲೀಟರ್ ಎತ್ತುವ ಪಂಪಿಗೆ ಅದು ಒಂದು ತಾಸಿನ ಕೆಲಸ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್: 35 ಶೇಕಡಾ ದ್ರಾವಣ 100 ಮಿ.ಲೀ. ಹಾಕಿದರೆ 800 ಲೀಟರಿನಲ್ಲಿ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಬರುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಆ ದ್ರಾವಣ ಚರ್ಮ ಸುಡುತ್ತದೆ. ಕ್ಲೋರಿನ್ ಜೊತೆ ಬೆರೆಸಬೇಡಿ, ಒಂದನ್ನೊಂದು ನಿಷ್ಫಲ ಮಾಡುತ್ತವೆ.

ಇಳಿಯುವ ಮೊದಲು ಸೋಪು ಹಚ್ಚಿ ಸ್ನಾನ. ತಲೆಗೆ ಕೊಬ್ಬರಿ ಎಣ್ಣೆ ಇದ್ದರೆ ಶಾಂಪೂ ಹಾಕಿ ತೆಗೆಯಲೇಬೇಕು, ಎಣ್ಣೆ ಪದರವಾಗಿ ಫಿಲ್ಟರಿಗೆ ಅಂಟುತ್ತದೆ. ಹೊಸ ಮೆಹಂದಿ, ತಲೆಯ ಡೈ ಬಣ್ಣ ಬಿಡುವುದು ನಿಂತ ಮೇಲೆ ಬನ್ನಿ. ಅವತ್ತು ಗಡ್ಡ ಹೆರೆಯಬೇಡಿ, ಸಣ್ಣ ಗೀರೂ ಉರಿಯುತ್ತದೆ, ಇದ್ದರೆ ವ್ಯಾಸಲಿನ್ ಹಚ್ಚಿ. ಕಿವಿಗೆ ಸಿಲಿಕಾನ್ ಪ್ಲಗ್, ಕೈಗೆಟಕುವಲ್ಲಿ ಕಣ್ಣು ತೊಳೆಯಲು ಸಿಹಿನೀರಿನ ಸ್ಪ್ರೇ ಬಾಟಲಿ. ಕುತ್ತಿಗೆ ಬಿಗಿಯಾದರೆ ಕೈಗಳನ್ನು ತಲೆಯ ಮೇಲಕ್ಕೆ ಚಾಚಿ. ಮೂರ್ಛೆ ರೋಗ, ಕಿವಿ ತಮಟೆಯಲ್ಲಿ ತೂತು, ತೆರೆದ ಗಾಯ, ಮೂತ್ರಪಿಂಡದ ಕಾಯಿಲೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಕುಡಿದವರು ಇಳಿಯಲೇಬಾರದು.

ನೆಲಮಹಡಿಯಲ್ಲಿ ಕೋಣೆ, ನಳದ ನೀರು, ವಾರಕ್ಕೆ ಮೂರು ಸಲವಾದರೂ ಬಳಸುವ ಇಬ್ಬರು ಇದ್ದರೆ ಇದು ಒಳ್ಳೆಯ ಖರೀದಿ. ತಿಂಗಳಿಗೊಮ್ಮೆ ಸಾಕೆನ್ನುವವರಿಗೆ ಈ ನಿಗಾ ಹೊರೆಯಾಗುತ್ತದೆ, ಫ್ಲೋಟ್ ಟ್ಯಾಂಕ್ ಇರುವ ಕೇಂದ್ರಕ್ಕೆ ಹೋಗಿ ತೇಲುವುದೇ ಲೇಸು. ಹಣ ಕಟ್ಟುವ ಮುನ್ನ ಮಾರುವವರನ್ನು ಒಂದು ಮಾತು ಕೇಳಿ: ಹೀಟರ್ ಮ್ಯಾಟ್ ಸುಟ್ಟರೆ ನೀರು ಖಾಲಿ ಮಾಡದೆ ಬದಲಿಸಲು ಬರುತ್ತದೆಯೇ? ಬರುವುದಿಲ್ಲ ಎಂದರೆ ಉಪ್ಪುನೀರು ತೆಗೆದಿಡಲು 200 ಲೀಟರಿನ ನಾಲ್ಕು ಪ್ಲಾಸ್ಟಿಕ್ ಡ್ರಮ್ಮುಗಳನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಳ್ಳಿ.